ಕಂಬಳಿಯ ಮೇಲೆ ಮೂರು ಸಲ

ನಮ್ಮ ಮನೆಯ ಹೆಚ್ಚಿನ ಜಾಗ ಮಗ್ಗದ್ದು. ಬಾಗಿಲು ದಾಟಿದರೆ ಎಡಕ್ಕೆ ಕುರಿಮರಿಗಳನ್ನು ಕೂಡುವ ಅಂಕಣ, ಬಲಕ್ಕೆ ಮಗ್ಗದ ಅಂಕಣ. ಅವೆರಡರ ಹಿಂದೆ ಉಳಿದ ಉದ್ದನೆಯ ಸಂದಿಯಲ್ಲಿ ಒಲೆ, ನೀರಿನ ಹಂಡೆ, ರಾಗಿಯ ವಾಡೆ, ಮತ್ತು ನಾವು ನಾಲ್ವರು: ಅಪ್ಪ, ಅವ್ವ, ಅಣ್ಣ ತಿಪ್ಪೇಶ, ನಾನು. ಮಗ್ಗಕ್ಕೆಂದು ನೆಲದಲ್ಲಿ ಗುಣಿ ತೋಡಿತ್ತು. ಅಪ್ಪ ಅದರಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುತ್ತಿದ್ದ. ಬೈಯುವುದು, ಬುದ್ಧಿ ಹೇಳುವುದು, ಬಂದವರನ್ನು ಮಾತಾಡಿಸುವುದು ಎಲ್ಲವೂ ಅಲ್ಲಿಂದಲೇ. ಅವನ ಮುಖ ನೋಡಬೇಕಾದರೆ ನಾವು ನೆಲಕ್ಕೆ ಕುಳಿತುಕೊಳ್ಳಬೇಕಿತ್ತು. ಮತ್ತೋಡಿನ ಸುತ್ತಿನ ಹಳ್ಳಿಗಳಲ್ಲಿ ಅಪ್ಪ ನೇಯ್ದ ಕಂಬಳಿಗೆ ಹೆಸರಿತ್ತು. ಮೇಲೆ ನೀರು ಹುಯ್ದರೂ ಒಳಗೆ ಇಳಿಯುವುದಿಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ಓಣಿಯಲ್ಲಿ ನೂಲಿನ ಹಾಸನ್ನು ಎಳೆದು ಕಟ್ಟಿ ಹುಣಸೆಬೀಜದ ಗಂಜಿ ಬಳಿಯುವುದು ಅಣ್ಣನ ಕೆಲಸ. ನೂಲುವುದು ಅವ್ವನದು, ನನ್ನದು. ಊಟದಲ್ಲಿ ಉಣ್ಣೆಯ ಎಳೆ ಸಿಕ್ಕದ ದಿನ ನನಗೆ ನೆನಪಿಲ್ಲ. ಮುದ್ದೆ ಮುರಿದಾಗ ಕೂದಲು ಬಂದರೆ ಅವ್ವ, "ಕುರೀದು ತಾನೆ, ನುಂಗು" ಎನ್ನುತ್ತಿದ್ದಳು.

ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಏಳನೆಯ ಕ್ಲಾಸಿನವರೆಗೆ ಓದಿದ್ದ. ನಾನು ನೂಲುತ್ತಿದ್ದರೆ ಸಾಮಾನು ಕಟ್ಟಿ ತಂದ ಹಳೆಯ ಪೇಪರನ್ನು ನನ್ನ ಮುಂದೆ ಹಿಡಿದು, "ಎಳೀ, ನೂಲೂ ಎಳಿ, ಅಕ್ಷರಾನೂ ಎಳಿ" ಎಂದು ಓದಿಸುತ್ತಿದ್ದ. ಈಗ ಇಷ್ಟನ್ನು ಬರೆಯಲು ನನಗೆ ಬರುವುದು ಅವನಿಂದ. ಅವನಿಂದ ಕಲಿತದ್ದರಲ್ಲೇ ಅವನಿಗೆ ನಾನು ಮಾಡಿದ್ದನ್ನು ಬರೆಯಬೇಕಾಗಿದೆ.

ನಮ್ಮವರಿಗೆ ಕಂಬಳಿ ಹೊದೆಯುವ ವಸ್ತು ಮಾತ್ರ ಅಲ್ಲ. ದೇವರ ಕಾರ್ಯಕ್ಕೆ, ನ್ಯಾಯಕ್ಕೆ, ಮದುವೆಯ ಮಾತಿಗೆ ಹೊಸ ಕರಿ ಕಂಬಳಿ ಹಾಸುತ್ತಾರೆ. ಅದರ ಮೇಲೆ ಕುಳಿತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನಮ್ಮ ಮನೆತನದಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಅಪ್ಪನ ಅಜ್ಜನ ಕಾಲದಲ್ಲಿ ಒಲ್ಲದ ಮದುವೆ ಮಾಡಿದರೆಂದು ಒಬ್ಬಳು ಬಾವಿಗೆ ಬಿದ್ದಳಂತೆ. ಅಂದಿನಿಂದ ವೀಳ್ಯ ಬದಲಾಯಿಸುವ ಮುಂಚೆ ಹುಡುಗಿಯನ್ನು ಕಂಬಳಿಯ ಮೇಲೆ ಕೂರಿಸಿ ಒಪ್ಪಿಗೆಯೇ ಎಂದು ಮೂರು ಸಲ ಕೇಳಬೇಕು. ಮೂರರಲ್ಲಿ ಒಮ್ಮೆ ಅವಳು ಒಲ್ಲೆ ಎಂದರೂ ಸಂಬಂಧ ಅಲ್ಲಿಗೇ ನಿಲ್ಲಬೇಕು. ಕಾರಣ ಕೇಳುವಂತಿಲ್ಲ, ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಅಪ್ಪ ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಆದರೆ ಒಲ್ಲೆ ಎಂದವಳನ್ನು ಯಾರೂ ನೋಡಿರಲಿಲ್ಲ. ಹುಡುಗನನ್ನು ಕೇಳುವ ಪದ್ಧತಿಯಂತೂ ಇರಲಿಲ್ಲ. ಗಂಡಿಗೂ ಒಲ್ಲದ ಮದುವೆ ಇರಬಹುದೆಂದು ನಮ್ಮ ಹಿರಿಯರಿಗೆ ತೋಚಿರಲಿಲ್ಲ.

ಅಪ್ಪನ ತಂಗಿಯನ್ನು ಹಿರಿಯೂರಿನ ಕಡೆ ಜವನಗೊಂಡನಹಳ್ಳಿಗೆ ಕೊಟ್ಟಿತ್ತು. ಆ ಅತ್ತೆಗೆ ಇಬ್ಬರು ಮಕ್ಕಳು, ಮಲ್ಲೇಶ ಮತ್ತು ಗಂಗಿ. ನಾವು ತೊಟ್ಟಿಲಲ್ಲಿದ್ದಾಗಲೇ ದೊಡ್ಡವರು ಮಾತಾಡಿಕೊಂಡಿದ್ದರು: ನನ್ನನ್ನು ಮಲ್ಲೇಶನಿಗೆ ಕೊಡುವುದು, ಗಂಗಿಯನ್ನು ಅಣ್ಣನಿಗೆ ತರುವುದು. ಒಂದು ಕೊಟ್ಟು ಒಂದು ತರುವ ಸಂಬಂಧ. ಒಂದು ನಿಂತರೆ ಎರಡೂ ನಿಂತಂತೆ. ಗಂಗಿ ನನಗಿಂತ ಒಂದು ವರ್ಷ ದೊಡ್ಡವಳು, ಬಾಯಿ ತುಂಬ ನಗುತ್ತಿದ್ದವಳು. ಬಂದಾಗಲೆಲ್ಲ, "ನಾನು ನಿಂಗೆ ಅತ್ತಿಗೆ, ನೀನು ನಂಗೆ ಅತ್ತಿಗೆ. ಯಾರು ಯಾರಿಗೆ ಹೆದರ್ಕಬೇಕೆ?" ಎಂದು ನನ್ನ ಜಡೆ ಎಳೆಯುತ್ತಿದ್ದಳು. ಮಲ್ಲೇಶ ಸೈಕಲ್ಲಿಗೆ ಡೈನಮೋ ಹಾಕಿಸಿದ್ದ. ನಾನು ಅವನನ್ನು ನೇರವಾಗಿ ನೋಡುತ್ತಿರಲಿಲ್ಲ, ಆದರೆ ಅವನು ಬಂದ ದಿನ ನನ್ನ ನೂಲು ಪದೇಪದೇ ಕಡಿಯುತ್ತಿತ್ತು.

ವರ್ಷಕ್ಕೆ ಎರಡು ಸಲ, ಕುರಿಗಳ ಉಣ್ಣೆ ಕತ್ತರಿಸಿದ ಮೇಲೆ, ಹೊಸದುರ್ಗದಿಂದ ಪಿಂಜಾರರ ದಾದಾಪೀರ ಬರುತ್ತಿದ್ದ. ನಾವೆಲ್ಲ ದಾದು ಎನ್ನುತ್ತಿದ್ದೆವು. ಅಣ್ಣನ ಓರಗೆಯವನು. ಉಣ್ಣೆ ಹಿಂಜುವ ಆಳುದ್ದದ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಬಂದು, ಎಂಟು ಹತ್ತು ದಿನ ನಮ್ಮ ಜಗಲಿಯಲ್ಲೇ ಉಳಿದು, ಗುಡ್ಡೆಗಟ್ಟಲೆ ಉಣ್ಣೆಯನ್ನು ಮೋಡದ ಹಾಗೆ ಮಾಡಿಟ್ಟು ಹೋಗುತ್ತಿದ್ದ. ಅವನು ಉಣ್ಣುವ ತಣಿಗೆ ಮತ್ತು ಲೋಟವನ್ನು ಅವ್ವ ಹೊರಬಾಗಿಲ ಪಕ್ಕದ ಗೂಡಿನಲ್ಲಿ ಬೇರೆ ಇಟ್ಟಿದ್ದಳು. ಅವನೇ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದ. ಇದರಲ್ಲಿ ತಪ್ಪೇನಿದೆ ಎಂದು ನಮಗೂ ಅನ್ನಿಸುತ್ತಿರಲಿಲ್ಲ, ಅವನೂ ಏನೂ ಅನ್ನುತ್ತಿರಲಿಲ್ಲ. ದಾದು ಬಂದರೆ ಮನೆಯಲ್ಲಿ ಗಲಗಲ.

"ಏನವ್ವ, ನಿನ್ ಮಗ ಗಂಜಿ ಬಳಿಯೋದು ನೋಡಿದ್ರೆ ಗ್ವಾಡಿಗೆ ಸುಣ್ಣ ಹೊಡ್ದಂಗೈತೆ."

"ಸುಮ್ಕಿರಲೇ. ನಿನ್ ಬಿಲ್ಲಿನ ಸದ್ದಿಗೆ ಗಬ್ಬದ ಕುರಿ ಕಂದು ಹಾಕ್ತಾವೆ," ಎನ್ನುತ್ತಿದ್ದ ಅಣ್ಣ. ಗುಣಿಯೊಳಗಿದ್ದ ಅಪ್ಪನೂ ನಗುತ್ತಿದ್ದ.

ಒಂದು ಸಂಜೆ ನಾನು ನೀರು ಕೊಡಲು ಜಗಲಿಗೆ ಹೋದೆ. ದಾದುವಿನ ಮೈ, ಮೀಸೆ, ಹುಬ್ಬು ಎಲ್ಲವೂ ಉಣ್ಣೆಯ ಧೂಳಿನಿಂದ ಬೆಳ್ಳಗಾಗಿದ್ದವು. ಅಣ್ಣ ಅವನ ಎದುರು ಕುಳಿತು, ಕಣ್ಣಿನ ರೆಪ್ಪೆಗೆ ಅಂಟಿದ್ದ ಎಳೆಗಳನ್ನು ಎರಡು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತಿದ್ದ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅಷ್ಟು ನಿಧಾನವಾಗಿ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ತಂಬಿಗೆ ಅಲ್ಲೇ ಇಟ್ಟು ಒಳಗೆ ಬಂದೆ. ನನಗೆ ಗೊತ್ತಾದದ್ದು ಅಂದೇ. ಆದರೆ ಏನು ಗೊತ್ತಾಯಿತು ಎಂದು ಹೇಳಲು ನನ್ನ ಹತ್ತಿರ ಮಾತಿರಲಿಲ್ಲ.

ನನಗೆ ಹದಿನಾರು ತುಂಬಿದ ವರ್ಷ ಅಪ್ಪ ವೀಳ್ಯಕ್ಕೆ ದಿನ ನೋಡಿಸಿಕೊಂಡು ಬಂದ. ಮಧ್ಯಾಹ್ನ ಎಲ್ಲರೂ ಉಣ್ಣಲು ಕುಳಿತಿದ್ದೆವು. ಹುರುಳಿಯ ಸಾರು, ಮುದ್ದೆ. ಅಪ್ಪ ದಿನ ಹೇಳಿದ ಕೂಡಲೇ ಅಣ್ಣ ಕೈ ನಿಲ್ಲಿಸಿದ.

"ಅಪ್ಪಾ, ನಂಗೆ ಮದ್ವೆ ಬ್ಯಾಡ."

"ಯಾಕಲೇ, ಗಂಗಿ ಹಲ್ಲು ಉಬ್ಬು ಅಂತಲೇನು?" ಅಪ್ಪ ನಕ್ಕ.

"ಗಂಗಿ ಅಂತಲ್ಲ. ಯಾವ ಹೆಣ್ಣೂ ಬ್ಯಾಡ."

"ಹಂಗಾದ್ರೆ ಕಾವಿ ಉಟ್ಕಂಡು ಮಠ ಸೇರ್ತೀಯೇನಪ್ಪ?"

"ನನ್ ಮನಸ್ಸು ದಾದು ಮ್ಯಾಲೈತೆ."

ಅವ್ವನ ಕೈಯಲ್ಲಿದ್ದ ಸೌಟು ಸಾರಿನ ಗಡಿಗೆಯೊಳಗೆ ಬಿತ್ತು. "ಅಯ್ಯೋ, ಅವನ್ ತಂಗಿ ಮ್ಯಾಲೇನೋ? ಆ ಸಾಬ್ರ ಹುಡುಗಿ ಮ್ಯಾಲೇನೋ?"

"ತಂಗಿ ಅಲ್ಲವ್ವ. ದಾದೂನೇ."

ಅಪ್ಪ ಎದ್ದು ಹೊಡೆಯುತ್ತಾನೆಂದು ನಾನು ಗೋಡೆಗೆ ಸರಿದೆ. ಅವನು ಹೊಡೆಯಲಿಲ್ಲ. ತಣಿಗೆಯಲ್ಲಿದ್ದ ಮುದ್ದೆಯನ್ನು ತುತ್ತು ತುತ್ತಾಗಿ ಮುರಿದು, ಸಾರಿಗೆ ಅದ್ದಿ, ಒಂದು ಚೂರೂ ಬಿಡದೆ ಉಂಡ. ಕೈ ತೊಳೆದುಕೊಂಡು ಮಗ್ಗದ ಗುಣಿಗೆ ಇಳಿದ. ಲಾಳಿ ಕೈಗೆ ತೆಗೆದುಕೊಂಡವನು ಅದನ್ನು ಎಸೆಯದೆ ಕುಳಿತೇ ಇದ್ದ. ಅವ್ವ ಮಾತ್ರ ಹೇಳಿದ್ದನ್ನೇ ಹೇಳುತ್ತಿದ್ದಳು: "ಹುಡುಗಿ ಆಗಿದ್ರೆ ಏನೋ ಒಂದು ಮಾಡ್ಕಬೋದಿತ್ತಲ್ಲೋ. ಯಾವ ಜಾತೀದಾದ್ರೂ ಆಗ್ಲಿ, ಹುಡುಗಿ ಆಗಿದ್ರೆ."

ಅಪ್ಪ ಅವತ್ತಿನಿಂದ ಅಣ್ಣನ ಹೆಸರು ಹಿಡಿದು ಕರೆಯಲಿಲ್ಲ. ಏನಿದ್ದರೂ ನನ್ನ ಕಡೆ ನೋಡಿ, "ಅವನಿಗೆ ಹೇಳು, ಹಾಸು ಎಳೀಬೇಕಂತೆ" ಎನ್ನುತ್ತಿದ್ದ. ಅಣ್ಣ ಮೂರು ಮೊಳ ದೂರದಲ್ಲೇ ಇರುತ್ತಿದ್ದ. ನಾನು ತಿರುಗಿ ಅದೇ ಮಾತನ್ನು ಹೇಳಬೇಕು. ಮುಂದಿನ ಸಲ ದಾದು ಬಿಲ್ಲು ಹೊತ್ತು ಬಂದಾಗ ಅಪ್ಪ ಹೊಸ್ತಿಲ ಮೇಲೆ ಅಡ್ಡ ನಿಂತ. "ಇನ್ ಮ್ಯಾಲೆ ಬರೋದು ಬ್ಯಾಡಪ್ಪ. ನಾವೇ ಹಿಂಜ್ಕಂತೀವಿ." ದಾದು ಅಪ್ಪನ ಹೆಗಲಾಚೆ ಒಂದು ಸಲ ಒಳಗೆ ನೋಡಿದ. ಅಣ್ಣ ಮರಿಗಳ ಅಂಕಣದಲ್ಲಿದ್ದ, ಹೊರಗೆ ಬರಲಿಲ್ಲ. ಆ ವರ್ಷ ಉಣ್ಣೆಯನ್ನು ನಾವು ಕೈಯಲ್ಲೇ ಬಿಡಿಸಿದೆವು. ನೂಲು ಗಂಟುಗಂಟಾಗಿ ಬಂತು. ಕೊಳ್ಳಲು ಬಂದವನೊಬ್ಬ ಕಂಬಳಿಯ ಮೇಲೆ ಕೈಯಾಡಿಸಿ, "ಏನ್ರಿ ಇದು, ಕಜ್ಜಿ ಎದ್ದಂಗೈತೆ" ಎಂದ. ಕಂಬಳಿಯ ಮಾತಿಗೆ ಅಪ್ಪ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವ್ವ ಮಗನನ್ನು ಹೊಳಲ್ಕೆರೆಯ ಕಡೆಯ ಒಬ್ಬ ಮಂತ್ರಗಾರನ ಹತ್ತಿರ ಕರೆದುಕೊಂಡು ಹೋದಳು. ಅವನು ಬೇವಿನ ಸೊಪ್ಪಿನಲ್ಲಿ ಹೊಡೆದು, ತೋಳಿಗೆ ದಾರ ಕಟ್ಟಿ, ಇದು ಹಾದಿಯಲ್ಲಿ ಸೋಕಿದ ಗಾಳಿ, ಹೆಣ್ಣು ಮನೆಗೆ ಬಂದರೆ ತಾನೇ ಬಿಡುತ್ತದೆ ಎಂದನಂತೆ. ಅವ್ವ ಹಬ್ಬಕ್ಕೆ ಹೋಗಿ ಬಂದವಳ ಹಾಗೆ ಮುಖ ಅರಳಿಸಿಕೊಂಡು ಬಂದಳು. ಅಣ್ಣನ ಬೆನ್ನ ಮೇಲೆ ಬಾಸುಂಡೆಗಳಿದ್ದವು. ನಾನು ಎಣ್ಣೆ ಹಚ್ಚಿದೆ. ಗಾಳಿ ಬಿಡುವವರೆಗೆ ಇರಲಿ ಎಂದು ಅವ್ವ ಅವನ ತಣಿಗೆ, ಲೋಟವನ್ನು ಹೊರಬಾಗಿಲ ಗೂಡಿಗೆ ತೆಗೆದಿಟ್ಟಳು. ಅಳುತ್ತಲೇ ಇಟ್ಟಳು. ದಿನಾ ಅವನಿಗೆ ಮೊದಲ ಮುದ್ದೆ, ದೊಡ್ಡ ಮುದ್ದೆ ಹಾಕುತ್ತಿದ್ದಳು, ಆದರೆ ಜಗಲಿಯಲ್ಲಿ. ಅವಳು ಮಗನನ್ನು ಪ್ರೀತಿಸಲಿಲ್ಲ ಎಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಆ ಪ್ರೀತಿಗೆ ಅವನನ್ನು ಒಳಗೆ ಕರೆದುಕೊಳ್ಳುವ ದಾರಿ ಕಾಣಲಿಲ್ಲ, ಅಷ್ಟೇ.

ಅಣ್ಣನಿಂದಾಗಿ ಮುಂದಕ್ಕೆ ಹೋಗಿದ್ದ ವೀಳ್ಯಕ್ಕೆ ಮತ್ತೆ ದಿನ ನೋಡಿಸಿದಾಗಲೂ ಅವನು ಒಲ್ಲೆ ಎಂದ. ಅಂದು ಅಪ್ಪ ಮಗ್ಗದ ಮೇಲಿನ ತೊಲೆ ತೋರಿಸಿ ನನಗೆ ಹೇಳಿದ: "ಅವನಿಗೆ ಹೇಳು. ತಂಗಿ ಮನೆ ಮುಂದೆ ನನ್ ತಲೆ ತಗ್ಗಿಸಿದ್ರೆ ಈ ತೊಲೆಗೇ ಹಗ್ಗ ಹಾಕ್ಕಂತೀನಿ." ನಾನು ಅದನ್ನೂ ತಿರುಗಿ ಹೇಳಿದೆ.

ವೀಳ್ಯಕ್ಕೆ ನಾಲ್ಕು ದಿನವಿರುವಾಗ ನಾನೂ ಅಣ್ಣನೂ ಉಣ್ಣೆ ತೊಳೆಯಲು ಹಳ್ಳಕ್ಕೆ ಹೋಗಿದ್ದೆವು. ಮೊಣಕಾಲು ನೀರಿನಲ್ಲಿ ನಿಂತು ಅವನು ಕೇಳಿದ.

"ರಂಗಿ, ನಾನು ಒಲ್ಲೆ ಅಂದ್ರೆ ಅಪ್ಪ ಉಳಿಯಲ್ಲ. ನೀನು ಅಂದ್ರೆ ನಾಕ್ ದಿನ ಬೈತಾನೆ, ಆಮ್ಯಾಲೆ ಬ್ಯಾರೆ ಗಂಡು ನೋಡ್ತಾನೆ. ಅದು ಅವನ್ದೇ ಮನೆತನದ ಪದ್ಧತಿ, ಏನೂ ಅನ್ನಂಗಿಲ್ಲ. ಮೂರು ಸಲ ಕೇಳ್ತಾರೆ. ಒಂದ್ ಸಲ ಒಲ್ಲೆ ಅನ್ನು. ನಾನೂ ಉಳೀತೀನಿ, ಆ ಗಂಗೀನೂ ಉಳೀತಾಳೆ."

ನಾನು ಉಣ್ಣೆ ಹಿಂಡುತ್ತಲೇ ಇದ್ದೆ.

"ನಿಂಗೆ ಮಲ್ಲೇಶ ಇಷ್ಟಾನೇನೆ? ಇದ್ರೆ ಹೇಳಿಬಿಡು, ನಾನು ಕೇಳಲ್ಲ."

ಆಗಿನ ಕಾಲದ ಹುಡುಗಿ ಅಣ್ಣನೆದುರು ನಿಂತು ಹೌದು, ಇಷ್ಟ ಎನ್ನಲಾರಳು. "ಥೂ, ಹೋಗಣ್ಣ, ಹಂಗೇನಿಲ್ಲ" ಎಂದೆ. "ಒಲ್ಲೆ ಅಂತೀನಿ ಬಿಡು" ಎಂದೆ. ಅವನು ಒದ್ದೆ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡ. ಎಷ್ಟೋ ತಿಂಗಳ ಮೇಲೆ ಅವನು ನಕ್ಕ. ಉಣ್ಣೆಯ ಮೂಟೆ ಹೊತ್ತು ಊರಿಗೆ ಬರುವಷ್ಟು ದೂರವೂ ನನ್ನನ್ನು ರೇಗಿಸುತ್ತಾ ಬಂದ. ಆ ನಾಲ್ಕು ದಿನ ಜಗಲಿಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡ. ಅವ್ವ ಅದನ್ನು ನೋಡಿ ದಾರದ ಮಹಿಮೆ ಎಂದುಕೊಂಡಳು.

ವೀಳ್ಯದ ದಿನ ಬೆಳಿಗ್ಗೆ ಅತ್ತೆಯ ಮನೆಯವರು ಬಂದರು. "ಬರ್ರಿ, ಕುಂತ್ಕಳ್ರಿ" ಎಂದು ಅಪ್ಪ ಬಾಗಿಲಲ್ಲೇ ನಿಂತು ಎಲ್ಲರನ್ನೂ ಒಳಗೆ ಕರೆದ. ಮಗ್ಗದ ಅಂಕಣವನ್ನು ಸಾರಿಸಿ ಕರಿ ಕಂಬಳಿ ಹಾಸಿತ್ತು. ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಅವ್ವ ಕಿವಿಯಲ್ಲಿ, "ನೀನಾದ್ರೂ ನನ್ ಹೊಟ್ಟೆ ತಣ್ಣಗಿಡೆ" ಎಂದಳು. ನನ್ನನ್ನು ಕಂಬಳಿಯ ಮೇಲೆ ಕೂರಿಸಿದರು. ಮಲ್ಲೇಶ ಎದುರಿನ ಗೋಡೆಗೆ ಒರಗಿದ್ದ. ಅಣ್ಣ ಮಗ್ಗದ ಕಂಬದ ಹತ್ತಿರ ನಿಂತಿದ್ದ. ಅಪ್ಪನ ದೊಡ್ಡಪ್ಪನ ಮಗ, ನಮ್ಮಲ್ಲಿ ಹಿರಿಯ, ಕೇಳಿದ:

"ಏನವ್ವ ರಂಗಮ್ಮ, ಈ ಸಂಬಂಧ ನಿಂಗೆ ಒಪ್ಪಿಗೆ ಐತೇನವ್ವ?"

"ಹ್ಞೂಂ" ಎಂದೆ. ಇನ್ನೂ ಎರಡು ಸಲ ಇದೆ, ಒಂದೇ ಉಸಿರಿಗೆ ಒಲ್ಲೆ ಎಂದರೆ ಚೆನ್ನಾಗಿರುವುದಿಲ್ಲ ಎಂದುಕೊಂಡೆ. ಎರಡನೆಯ ಸಲ ಕೇಳಿದರು. ತಲೆ ಎತ್ತಿದೆ. ಮಲ್ಲೇಶ ನನ್ನನ್ನೇ ನೋಡುತ್ತಿದ್ದ, ಅವನ ಕಿವಿಗಳು ಕೆಂಪಾಗಿದ್ದವು. "ಹ್ಞೂಂ" ಎಂದೆ. ಮೂರನೆಯ ಸಲ ಕೇಳುವಾಗ ಹಿಂದಿನಿಂದ ಗಂಗಿ, "ಗಟ್ಟಿಯಾಗಿ ಹೇಳೆ, ಕಳ್ಳಿ" ಎಂದಳು. ಹೆಂಗಸರು ನಕ್ಕರು. ಅಣ್ಣನ ಕಡೆ ನೋಡಬಾರದೆಂದು ಕಂಬಳಿಯ ಅಂಚನ್ನೇ ನೋಡುತ್ತಾ ಗಟ್ಟಿಯಾಗಿ ಒಪ್ಪಿಗೆ ಎಂದೆ.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅಪ್ಪ ನನ್ನನ್ನು ಹೆದರಿಸಿರಲಿಲ್ಲ. ನನಗೆ ಮಲ್ಲೇಶ ಬೇಕಿತ್ತು, ಬಸ್ಸು ಓಡಾಡುವ ರಸ್ತೆಯ ಪಕ್ಕದ ಮನೆ ಬೇಕಿತ್ತು, ಊಟದಲ್ಲಿ ಉಣ್ಣೆ ಸಿಗದ ಮನೆ ಬೇಕಿತ್ತು. ಮದುವೆಯಾದರೆ ಅಣ್ಣನ ಗಾಳಿ ಬಿಡುತ್ತದೆ ಎಂದು ಅವ್ವ ನಂಬಿದ್ದಳು. ನಾನು ನಂಬಿರಲಿಲ್ಲ. ಆ ಮನೆಯಲ್ಲಿ ಅದು ಗಾಳಿಯಲ್ಲ ಎಂದು ತಿಳಿದಿದ್ದವಳು ನಾನೊಬ್ಬಳೇ.

ಎಲ್ಲರೂ ಹೋದ ಮೇಲೆ ಅಣ್ಣ ಕಂಬಳಿ ಮಡಚುತ್ತಿದ್ದ. ಇನ್ನೊಂದು ತುದಿ ಹಿಡಿಯಲು ನಾನೇ ಹೋಗಬೇಕಾಯಿತು. ಅವನು ಬೈಯಲಿಲ್ಲ.

"ಮಲ್ಲೇಶ ಒಳ್ಳೇನು ಕಣೆ," ಎಂದ. "ಅವತ್ತೇ ಹೇಳಿದ್ರೆ ನಾನು ಬ್ಯಾರೆ ಏನಾರ ನೋಡ್ಕಂತಿದ್ದೆ."

ಒಂದೇ ಚಪ್ಪರದಲ್ಲಿ ಎರಡು ಮದುವೆ ಆದವು. ನಾನು ಜವನಗೊಂಡನಹಳ್ಳಿಗೆ ಹೋದೆ, ಗಂಗಿ ನಮ್ಮ ಮನೆಗೆ ಬಂದಳು. ಅವ್ವ ಗೂಡಿನಲ್ಲಿದ್ದ ಅಣ್ಣನ ತಣಿಗೆಯನ್ನು ಮದುವೆಯ ಮಾರನೆಯ ದಿನವೇ ತೊಳೆದು ಒಳಗೆ ತಂದಳಂತೆ. ಅಪ್ಪ ಮತ್ತೆ ಅವನನ್ನು ಹೆಸರು ಹಿಡಿದು ಕರೆದನಂತೆ. ಗಾಳಿ ಬಿಟ್ಟಿತು ಎಂದು ಇಬ್ಬರೂ ನಂಬಿದರು. ಅಣ್ಣ ಹಗಲು ಅಪ್ಪನ ಬದಲು ಮಗ್ಗಕ್ಕೆ ಕೂರುತ್ತಿದ್ದ, ರಾತ್ರಿ ಕುರಿ ಕಾಯುವ ನೆಪ ಹೇಳಿ ಊರ ಹೊರಗಿನ ಕುರಿಹಟ್ಟಿಯಲ್ಲೇ ಮಲಗುತ್ತಿದ್ದ. ಏಳು ತಿಂಗಳಾದ ಮೇಲೆ ಆರು ಕಂಬಳಿ ಕಟ್ಟಿಕೊಂಡು ಚಿತ್ರದುರ್ಗಕ್ಕೆ ಮಾರಲು ಹೋದ. ಸಂಜೆ ನಮ್ಮೂರ ಕಡೆಯ ಬಸ್ಸಿನಲ್ಲಿ ಆ ಆರು ಕಂಬಳಿಯ ಕಟ್ಟು ಬಂತು. ಅವನು ಬರಲಿಲ್ಲ. ಅಪ್ಪ ಮೂರು ವಾರ ಊರೂರು ತಿರುಗಿದ. ಹೊಸದುರ್ಗಕ್ಕೂ ಹೋಗಿ ಪಿಂಜಾರರ ಓಣಿಯಲ್ಲಿ ಕೇಳಿದ. ದಾದು ಮನೆಯಲ್ಲೇ ಇದ್ದ. ಅವನಿಗೂ ಮದುವೆ ಮಾಡಿದ್ದರು. ಅಪ್ಪನನ್ನು ಕಂಡು ಎದ್ದು ನಿಂತು, "ಇಲ್ಲಿಗೆ ಬಂದಿಲ್ಲ, ಯಜಮಾನ್ರೇ. ಬಂದಿದ್ರೆ ನಾನೇ ಕರ್ಕಂಡು ಬರ್ತಿದ್ದೆ" ಎಂದು ಅತ್ತನಂತೆ. ಇಬ್ಬರೂ ಎಲ್ಲಿಯೋ ಜೊತೆಯಾಗಿದ್ದಾರೆ ಎಂದುಕೊಳ್ಳುವ ಸಮಾಧಾನವೂ ನನಗೆ ಉಳಿಯಲಿಲ್ಲ.

ಮನೆಗೆ ಬಂದು ಅಪ್ಪ ಮಗ್ಗದ ಮುಂದೆ ಕುಳಿತ. ಅಣ್ಣ ಅರ್ಧ ನೇಯ್ದು ಬಿಟ್ಟ ಕಂಬಳಿ ಅದರ ಮೇಲಿತ್ತು. ಯಾವ ನೇಕಾರನೂ ಅರ್ಧ ನೇಯ್ದ ಹಾಸಿನ ಮೇಲೆ ಕತ್ತರಿ ಆಡಿಸುವುದಿಲ್ಲ. ಸತ್ತವನ ಮಗ್ಗವನ್ನೂ ಇನ್ನೊಬ್ಬರು ಕುಳಿತು ಮುಗಿಸುತ್ತಾರೆ. ಅಪ್ಪ ಕುರಿಯ ಕತ್ತರಿ ತಂದು ಈ ತುದಿಯಿಂದ ಆ ತುದಿಗೆ ಕತ್ತರಿಸಿದ. ಆಮೇಲೆ ಆ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, "ತಿಪ್ಪೇಶಾ, ತಿಪ್ಪೇಶಾ" ಎನ್ನುತ್ತಾ ಕುಳಿತಿದ್ದನೆಂದು ಅವ್ವ ಹೇಳಿದಳು. ಅವನು ಮತ್ತೆ ನೇಯಲಿಲ್ಲ.

ಅತ್ತೆ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಗಂಗಿ ಒಪ್ಪಲಿಲ್ಲ. ತಾನು ತವರಿಗೆ ಹೋದರೆ ಕೊಟ್ಟು ತಂದ ಲೆಕ್ಕಕ್ಕೆ ನನ್ನನ್ನೂ ತವರಿಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು. "ರಂಗಿ ಸಂಸಾರ ಯಾಕೆ ಹಾಳಾಗ್ಬೇಕವ್ವ? ಅವಳೇನು ತಪ್ಪು ಮಾಡ್ಯಾಳೆ?" ಎಂದಳಂತೆ. ಹತ್ತೊಂಬತ್ತು ವರ್ಷದವಳು ನನ್ನ ಅಪ್ಪ ಅವ್ವನಿಗೆ ಮುದ್ದೆ ಬೇಯಿಸಿಕೊಂಡು, ಕುರಿ ನೋಡಿಕೊಂಡು ಅಲ್ಲೇ ಉಳಿದಳು.

ಮರುವರ್ಷ ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಅವ್ವನಿಗೆ ಕೈಯಲ್ಲಿ ಶಕ್ತಿ ಇರಲಿಲ್ಲ, ಎಲ್ಲವನ್ನೂ ಗಂಗಿಯೇ ಮಾಡಿದಳು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು, ನನ್ನ ಸೊಂಟಕ್ಕೆ ಎಣ್ಣೆ ನೀವುವುದು, ಕೊಬ್ಬರಿ ಬೆಲ್ಲ ಕುಟ್ಟುವುದು. ಮಗುವಿಗೆ ಒಂದು ತಿಂಗಳಾದ ದಿನ ಬೆಳಿಗ್ಗೆ ಬಚ್ಚಲಲ್ಲಿ ನನ್ನ ತಲೆಗೆ ಸೀಗೆ ತಿಕ್ಕುತ್ತಾ, ನನ್ನ ಬೆನ್ನ ಹಿಂದಿನಿಂದ ಕೇಳಿದಳು.

"ರಂಗಿ, ಒಂದು ಮಾತು ಕೇಳ್ತೀನಿ. ನಿಮ್ಮಣ್ಣ ಹಂಗೆ ಅಂತ ನಿಮ್ಮವ್ವ ಈಗ ಹೇಳ್ತೈತೆ. ಅವತ್ತು ನಿನ್ನ ಮೂರು ಸಲ ಕೇಳಿದ್ರಲ್ಲ, ಆಗ ನಿಂಗೆ ಗೊತ್ತಿತ್ತೇನೆ?"

ಬಿಸಿನೀರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಒಳಗೆ ಮಗು ಅಳಲು ಶುರು ಮಾಡಿತ್ತು.

"ಇಲ್ಲ ಕಣೆ," ಎಂದೆ.

ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ತಿಕ್ಕತೊಡಗಿತು. "ಅದೇ ನಾನೂ ನಿಮ್ಮವ್ವಂಗೆ ಹೇಳಿದ್ದು. ಗೊತ್ತಿದ್ರೆ ರಂಗಿ ನಂಗೆ ಹೇಳದಂಗೆ ಇರ್ತಿದ್ಲಾ ಅಂತ."

ನಾನು ಕಣ್ಣಿಗೆ ಅಂಗೈ ಒತ್ತಿಕೊಂಡಿದ್ದನ್ನು ಅವಳು ನೋಡಿರಬೇಕು. ಮುಂದಕ್ಕೆ ಬಂದು ಕುಕ್ಕರಗಾಲಲ್ಲಿ ಕುಳಿತು, ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು.

"ಕಣ್ಣಿಗೆ ಸೀಗೆ ಹೋಯ್ತೇನೆ?"

ಹೌದು ಎಂದೆ.